ಗೋಧಿ ಮುಟ್ಟದ ಕಾರ್ನ್ ಡಾಗ್

ನಮ್ಮ ಕಡೆ ಯಾರಿಗಾದರೂ ಒಂದು ಪದಾರ್ಥ ಆಗಿಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ ನೋಡಿ, ಮರುದಿನದಿಂದ ಅದನ್ನೇ ಪ್ರೀತಿಯಿಂದ ತಿನ್ನಿಸಲು ನಾಲ್ಕು ಮಂದಿ ಬಾಗಿಲಲ್ಲಿ ನಿಂತಿರುತ್ತಾರೆ. ನನ್ನ ಮಗಳಿಗೆ ಗೋಧಿ ಆಗುವುದಿಲ್ಲ. ನಾನು ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್. ಬಾಗಿಲಲ್ಲಿ ನೇತಾಡುವ ಮಂದಿಯನ್ನು ಒಳಗೆ ಹಾಕಲು ಪಟ್ಟಿರದ ಪಾಡನ್ನು ಗೋಧಿಯನ್ನು ಮನೆಯ ಹೊರಗಿಡಲು ಪಟ್ಟಿದ್ದೇನೆ.

ಮನೆ ಮಸ್ಕಿಯಲ್ಲಿ. ಹೆಂಡತಿ ನರ್ಸ್. ಡಾಕ್ಟರು ಹೇಳಿದ್ದನ್ನು ಅವಳೇ ನಮಗೆ ಬಿಡಿಸಿ ಹೇಳಿದಳು: ಚಪಾತಿ, ರವೆ, ಮೈದಾ, ಶಾವಿಗೆ ಯಾವುದೂ ಕೂಡದು, ಅಡುಗೆಗೆ ಗೋಧಿ ಹಿಟ್ಟಿನ ಧೂಳು ಬಿದ್ದರೂ ಮಗುವಿಗೆ ತ್ರಾಸು. ಅಂದಿನಿಂದ ಮಗಳು ಯಾರ ಮನೆಗೆ ಹೋದರೂ ತನ್ನ ಸ್ಟೀಲ್ ಡಬ್ಬಿ ಹಿಡಿದೇ ಹೋಗುತ್ತಾಳೆ. ಉಳಿದ ಮಕ್ಕಳು ಸಾಲಾಗಿ ಕೂತು ತಿನ್ನುವಾಗ ಇವಳು ಮೂಲೆಯಲ್ಲಿ ಡಬ್ಬಿ ತೆಗೆಯುತ್ತಾಳೆ. ಗೆಳತಿಯ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕಾರ್ನ್ ಡಾಗ್ ತರಿಸಿದ್ದರಂತೆ, ಮಾಂಸದ ತುಂಡನ್ನು ಕಡ್ಡಿಗೆ ಚುಚ್ಚಿ, ಮೆಕ್ಕೆಜೋಳಕ್ಕೆ ಮೈದಾ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಎಲ್ಲರೂ ತಿಂದರು, ಇವಳು ನೋಡಿ ಬಂದಳು.

"ಪಪ್ಪಾ, ನನ್ನ ಬರ್ತ್‌ಡೇಕ್ಕ ನೀ ಅದನ್ನ ಮಾಡು. ಎಲ್ಲಾರೂ ಒಂದೇ ತಾಟಿನಾಗಿಂದು ತಿನ್ನಬೇಕು. ನನಗ ಡಬ್ಬಿ ಬ್ಯಾಡ."

"ಮಾಡ್ತೀನವ್ವಾ" ಅಂದುಬಿಟ್ಟೆ. ನನಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ.

ಗಿರಣಿಯವರ ದೊಡ್ಡ ಮನಸ್ಸು

ಮೊದಲು ಮೆಕ್ಕೆಜೋಳದ ಹಿಟ್ಟು ಬೇಕು. ಕಾಳು ಆರಿಸಿ ತೊಳೆದು ಒಣಗಿಸಿ ಗಿರಣಿಗೆ ಒಯ್ದೆ. ಗಿರಣಿಯವರಿಗೆ ಮಗಳ ಕಥೆಯನ್ನೆಲ್ಲ ಹೇಳಿ, "ಗೋಧಿ ಬೀಸಿದ ಮ್ಯಾಲ ನಮ್ಮದು ಹಾಕಬ್ಯಾಡ್ರೀ" ಅಂತ ಕೈಮುಗಿದೆ. ಪುಣ್ಯಾತ್ಮ, ಬಹಳ ಮರುಗಿದರು. ಗಿರಣಿ ನಿಲ್ಲಿಸಿ, ಬಿಚ್ಚಿ, ಬ್ರಷ್ ಹಾಕಿ ಉಜ್ಜಿ, ಮೊದಲು ಯಾರದೋ ಅಕ್ಕಿ ಬೀಸಿ, ಆಮೇಲೆ ನಮ್ಮದನ್ನು ಹಾಕಿದರು. ನಮ್ಮದು ಬೀಸಿ ಮುಗಿಯುವಷ್ಟರಲ್ಲಿ ನಾನು ಚಹಾ ಕುಡಿದು ಬಂದೆ. ಬಿಸಿಬಿಸಿ ಹಿಟ್ಟಿನ ಚೀಲ ಕೈಗಿಟ್ಟು, ಗುಟ್ಟಿನ ಮಾತಿನಂತೆ ಹತ್ತಿರ ಬಂದು ಹೇಳಿದರು:

"ಕಂಡಕ್ಟ್ರೇ, ಬರೇ ಮೆಕ್ಕೆಜೋಳಕ್ಕ ಜಿಗಿ ಇರಂಗಿಲ್ಲ, ಹಿಟ್ಟು ಅಂಟಂಗಿಲ್ಲ. ಕೂಸು ತಿನ್ನೂದು ಅಂದ್ರಲ್ಲ, ಅದಕ್ಕ ನಮ್ಮ ಮನಿ ಗೋಧಿ ಎರಡು ಬೊಗಸಿ ಕೂಡಿಸೀನ್ರೀ!"

ಬರೇ ಕರಿದ ಕಡ್ಡಿ

ಎರಡನೇ ಸಲ ಗಿರಣಿಯ ಮುಂದೆ ಕಾವಲು ನಿಂತು ಬೀಸಿಸಿದೆ. ವಾರದ ರಜೆಯ ದಿನ ಅಡುಗೆಯ ವಿಡಿಯೊ ಹಚ್ಚಿ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಕೆಲಸ ಶುರು ಮಾಡಿದೆ. ಒಳಗೆ ಮಾಂಸದ ಬದಲು ಬೇಯಿಸಿದ ಆಲೂಗಡ್ಡೆಯ ಉದ್ದನೆಯ ಉಂಡೆ, ಅದಕ್ಕೆ ಐಸ್‌ಕ್ರೀಮ್ ಕಡ್ಡಿ. ಹಿಟ್ಟು ಕಲಸಿ, ಅದ್ದಿ, ಎಣ್ಣೆಗೆ ಬಿಟ್ಟೆ. ಮೊದಲು ಹಿಟ್ಟು ಕಳಚಿತು, ಅದರ ಬೆನ್ನಿಗೇ ಆಲೂಗಡ್ಡೆ ಬಿದ್ದು ಪುಡಿಯಾಯಿತು. ನನ್ನ ಕೈಯಲ್ಲಿ ಕಡ್ಡಿ ಮಾತ್ರ ಉಳಿಯಿತು, ಚೆನ್ನಾಗಿ ಕೆಂಪಗೆ ಬೆಂದಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಏ ತಮ್ಮಾ, ಜ್ವಾಳದ ಹಿಟ್ಟಿಗೆ ಗೋಧಿಯಂಗ ಜಿಗಿ ತಾನಾಗಿ ಬರತೈತೇನ? ಕುದಿಯೋ ನೀರು ಹಾಕಿ ಮಿದಿಬೇಕು. ನಿನ್ನ ಹಡಿಯೂಕಿಂತ ಮೊದಲಿಂದ ರೊಟ್ಟಿ ಬಡ್ಯಾಕತ್ತೀನಿ, ಆ ಮೊಬೈಲ್ ಕೇಳ್ತಿ, ನನ್ನ ಕೇಳಂಗಿಲ್ಲ."

ಮೆಕ್ಕೆಜೋಳದ ಹಿಟ್ಟಿಗೆ ಅರ್ಧದಷ್ಟು, ಅದನ್ನೂ ನಾನು ಕಾವಲು ನಿಂತೇ ಬೀಸಿಸಿದ್ದ, ಬಿಳಿಜೋಳದ ಹಿಟ್ಟು ಬೆರೆಸಿ, ಕುದಿಯುವ ನೀರು ಸುರಿದು ಮಿದ್ದಳು. ಅದ್ದುವ ಗೋಜೇ ಬೇಡವೆಂದು, ರೊಟ್ಟಿ ತಟ್ಟುವ ಕೈಯಿಂದ ಕಡ್ಡಿಯ ಸುತ್ತ ಹಿಟ್ಟು ಹಚ್ಚಿ ನುಣ್ಣಗೆ ಒತ್ತಿದಳು. ಎಣ್ಣೆಗೆ ಬಿಟ್ಟರೆ ಒಂದೂ ಬಿಚ್ಚಲಿಲ್ಲ. ಮಗಳು ಮೂರು ತಿಂದಳು. ನಾನು ನನ್ನ ಕಡ್ಡಿಯನ್ನು ಎಸೆಯಲು ಹೋದರೆ ಅವ್ವ ಬಿಡಲಿಲ್ಲ.

"ಇಡು ಅದನ್ನ. ನಿನ್ನ ಹೆಂಡ್ತಿ ಡ್ಯೂಟಿಯಿಂದ ಬಂದು, ನೀ ಏನ್ ಮಾಡಿದಿ ಅಂತ ಕೇಳಿದ್ರ ತೋರಸಾಕ ಬೇಕಲ್ಲ!"

ಡಬ್ಬಿಯ ಸವಾರಿ

ಮಾಡಿದ್ದನ್ನು ಒಬ್ಬರೇ ತಿನ್ನುವ ರೂಢಿ ನಮ್ಮ ಓಣಿಯಲ್ಲಿಲ್ಲ. ಮಗಳ ಸ್ಟೀಲ್ ಡಬ್ಬಿಯಲ್ಲೇ ನಾಲ್ಕು ಹಾಕಿ ಎದುರುಮನೆಯ ಅಕ್ಕನಿಗೆ ಕಳಿಸಿದೆವು. ಕೊಟ್ಟ ಡಬ್ಬಿಯನ್ನು ಖಾಲಿ ತಿರುಗಿಸಬಾರದಲ್ಲ. ಸಂಜೆ ಅದು ತುಂಬಿಕೊಂಡು ಬಂತು, ಬಾಯಿತನಕ ಗೋಧಿ ಹುಗ್ಗಿ.

ನನ್ನ ಹೆಂಡತಿ ತಲೆ ಹಿಡಿದುಕೊಂಡು ಕೂತಳು. ವಿಷಯ ತಿಳಿದ ಎದುರುಮನೆ ಅಕ್ಕ ಅಳುವುದೊಂದು ಬಾಕಿ. ಡಬ್ಬಿ ಒಯ್ದು ತಾನೇ ಬೂದಿ ಹಚ್ಚಿ ತಿಕ್ಕಿ ತೊಳೆದು, ಒಂದು ಹೆಂಟೆ ಬೆಲ್ಲ ಇಟ್ಟು ತಂದಳು. "ಬೆಲ್ಲದಾಗ ಗೋಧಿ ಇರಂಗಿಲ್ಲಲ್ರೀ?" ಅಂತ ಮೂರು ಸಲ ಕೇಳಿದಳು. ಸುದ್ದಿ ಓಣಿಗೆಲ್ಲ ಹಬ್ಬಿತು. ಮುಂದಿನ ಸಲ ಕಾರ್ನ್ ಡಾಗ್ ಹೋದ ಮನೆಗಳಿಂದೆಲ್ಲ ಬಹಳ ವಿಚಾರ ಮಾಡಿ ತುಂಬಿದ ಡಬ್ಬಿಗಳು ಬಂದವು: ಶೇಂಗಾ, ಉಳ್ಳಾಗಡ್ಡಿ, ಹುಣಸೆಹಣ್ಣು, ಒಂದು ಮನೆಯಿಂದ ಬರೀ ಉಪ್ಪು.

ಅವ್ವ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿ ಅಂದಳು: "ಈ ವಾರ ಸಂತಿಗೆ ಹೋಗಬ್ಯಾಡ ಬಿಡು."

ಬಾಗಿಲಲ್ಲಿ ಅವ್ವ

ಅವ್ವನಿಗೂ ಮೊದಲು "ಒಂಚೂರು ತಿಂದ್ರ ಏನಾಗತೈತಿ" ಅನ್ನುವ ಗುಣವೇ ಇತ್ತು. ಕೊನೆಗೆ ನನ್ನ ಹೆಂಡತಿ, "ಅತ್ತಿ, ಪೂಜಾದ ಅಡಗಿ ನೀವು ಮಡಿಯಾಗ ಮಾಡ್ತೀರಲ್ಲ, ಇದೂ ಹಂಗ್ರೀ" ಅಂದಳು. "ಮೊದಲ ಹಂಗ ಹೇಳಬಾರದೇನ?" ಅಂದ ಅವ್ವ, ಅಂದಿನಿಂದ ಡಾಕ್ಟರಿಗಿಂತ ಬಿಗಿ.

ಹುಟ್ಟುಹಬ್ಬದ ದಿನ ಹೊಸ್ತಿಲ ಹತ್ತಿರ ನೀರಿನ ಬಕೆಟ್ಟು, ಸಾಬೂನು ಇಟ್ಟುಕೊಂಡು ಕೂತಳು. ಬಂದ ಮಕ್ಕಳಿಗೆಲ್ಲ ತನಿಖೆ. "ಏನ್ ತಿಂದು ಬಂದಿ? ಬಿಸ್ಕೀಟಾ? ಕೈ ತೊಳಿ. ಬಾಯಿ ಮುಕ್ಕಳಿಸು. ಇನ್ನೊಮ್ಮೆ." ಒಳಗೆ ಒಂದೇ ದೊಡ್ಡ ತಾಟಿನಲ್ಲಿ ಕಾರ್ನ್ ಡಾಗ್. ಸುತ್ತ ಮಕ್ಕಳು, ನಡುವೆ ನನ್ನ ಮಗಳು. ಕೈಯಲ್ಲಿ ಡಬ್ಬಿ ಇರಲಿಲ್ಲ.

ಆಗ ಬಂದರು ನಮ್ಮ ಬಸ್ಸಿನ ಡ್ರೈವರ್. ಯಾರಿಗೂ ಹೇಳದೆ, ಎರಡೂ ಕೈಯಲ್ಲಿ ಹಿಡಿದು ತಂದದ್ದು ದೊಡ್ಡದೊಂದು ಮೈದಾ ಕೇಕು.

"ಅಲ್ಲೇ ನಿಲ್ಲು!" ಅಂದಳು ಅವ್ವ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅಷ್ಟು ಗಕ್ಕನೆ ಬ್ರೇಕ್ ಹಾಕಿದ್ದನ್ನು ನಾನು ನೋಡಿರಲಿಲ್ಲ. ತಪ್ಪು ತಿಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು, ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಕೂತರು. ಒಳಗೆ ಕರೆದರೆ ಬರಲೊಲ್ಲರು. "ನನ್ನ ಕೈತುಂಬ ಮೈದಾ ಐತಿ, ಬ್ಯಾಡ."

ಮಗಳು ಕಿಟಕಿಯಿಂದ ನೋಡಿದಳು. ಎದ್ದು ಅಡುಗೆಮನೆಗೆ ಹೋಗಿ ತನ್ನ ಡಬ್ಬಿ ತೆಗೆದು, ಎರಡು ಕಾರ್ನ್ ಡಾಗ್ ಹಾಕಿ, ಕಟ್ಟೆಗೆ ಒಯ್ದು ಕೊಟ್ಟಳು.

"ತಗೋರಿ ಮಾಮಾ. ಬ್ಯಾರೆ ಕುಂತು ತಿನ್ನೂದು ಎಷ್ಟು ಬ್ಯಾಸರ ಅಂತ ನನಗ ಗೊತ್ತೈತಿ."

ಡ್ರೈವರ್ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಒಳಗಿನಿಂದ ಅವ್ವ ಮಾತ್ರ ಕೂಗಿದಳು: "ಡಬ್ಬಿ ತೊಳದು ಕೊಡೋ ಯಪ್ಪಾ! ಅದರಾಗ ಕೇಕ್ ಗೀಕ್ ಹಾಕೀಯ ಮತ್ತ!"

ಅವರು ತಿಂದು, ಕೈ ತೊಳೆದು, ಡಬ್ಬಿಯನ್ನೂ ತೊಳೆದರು. ಖಾಲಿ ಕೊಡುವಂತಿಲ್ಲ, ಕೇಕು ಹಾಕುವಂತಿಲ್ಲ. ಜೇಬು ತಡಕಾಡಿ, ಬೇಕರಿಯವರು ಕೇಕಿನ ಜೊತೆ ಕೊಟ್ಟಿದ್ದ ಮೇಣದಬತ್ತಿಗಳನ್ನು ಪೊಟ್ಟಣದಿಂದ ತೆಗೆದು ಡಬ್ಬಿಯಲ್ಲಿಟ್ಟು ಹೊಸ್ತಿಲಿಗೆ ತಂದು, ಹೆದರುತ್ತಲೇ ಕೇಳಿದರು:

"ಯವ್ವಾ, ಮೇಣದಾಗ ಗೋಧಿ ಇರಂಗಿಲ್ಲಲ್ರೀ?"

ಅವ್ವ ಒಂದೊಂದೇ ಬತ್ತಿಯನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದಳು. ಆಮೇಲೆ ಬಕೆಟ್ಟಿನಲ್ಲಿ ಅದ್ದಿ ತೊಳೆದು ಒಳಗೆ ಕಳಿಸಿದಳು. ಒದ್ದೆ ಬತ್ತಿ ಒಂದೂ ಹತ್ತಲಿಲ್ಲ. ಹತ್ತದ ಬತ್ತಿಗಳನ್ನೇ ಕಾರ್ನ್ ಡಾಗಿಗೆ ಚುಚ್ಚಿ, ನನ್ನ ಮಗಳು ಕೆನ್ನೆ ಉಬ್ಬಿಸಿ ಉಫ್ ಅಂತ ಊದಿದಳು.