ತೊಳೆದು ಪೂಜೆ ಮಾಡಿದ ಕರೆಂಟು

ಮನುಷ್ಯನಿಗೆ ಹೆದರಿಕೊಳ್ಳಲು ಹಾವು, ಚೇಳು, ಮೇಲಧಿಕಾರಿ ಎಂದು ಮರ್ಯಾದಸ್ಥ ಕಾರಣಗಳು ಎಷ್ಟೋ ಇವೆ. ಈ ದಸರೆಯಲ್ಲಿ ನಾನು ಊಟ ನಿದ್ದೆ ಬಿಟ್ಟು ಹೆದರಿದ್ದು ಒಂದು ಡಬ್ಬಿ ಚರಂಡಿ ಕೆಸರಿಗಾಗಿ. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ಹೊಟ್ಟೆಯುಬ್ಬರ.

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವವನು. ಕೊಳಚೆ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಹೊಲಸು ತಿಂದು ಅರಗಿಸಿಕೊಳ್ಳುವಾಗ ಎಲೆಕ್ಟ್ರಾನುಗಳನ್ನು ಹೊರಗೆ ಬಿಡುತ್ತವೆ. ಕೆಸರಿನಲ್ಲಿ ಇಂಗಾಲದ ಕರಿಬಟ್ಟೆಯೊಂದನ್ನು ಹುಗಿದಿಟ್ಟರೆ ಅದಕ್ಕೆ ಅಂಟಿಕೊಂಡು ಸಂಸಾರ ಹೂಡುತ್ತವೆ. ಅದಕ್ಕೆ ತಂತಿ ಕಟ್ಟಿ, ಮೇಲಿನ ನೀರಿನಲ್ಲಿರುವ ಇನ್ನೊಂದು ತುಂಡಿಗೆ ಜೋಡಿಸಿದರೆ ಕರೆಂಟು ಹರಿಯುತ್ತದೆ. ಎಷ್ಟು ಎಂದು ಮಾತ್ರ ಕೇಳಬೇಡಿ. ಸಾಸಿವೆ ಕಾಳಿನಷ್ಟು ದೀಪ ನಾಚುತ್ತಾ ಉರಿಯುತ್ತದೆ. ಅದನ್ನು ಕಂಡು ಹಿಗ್ಗಿ, ರಜೆ ಮುಗಿದ ದಿನ ಉರಿಸಿ ತೋರಿಸುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟುಬಿಟ್ಟೆ. "ಉರೀತು ಅಂದ್ರ ಹಾಸ್ಟೆಲ್ ಚರಂಡಿಗೆ ದೊಡ್ಡದು ಕೂಡಿಸೋಣು. ಇಲ್ಲಾಂದ್ರ ಲ್ಯಾಬಿನಾಗಿನ ಆ ಮೂಲಿ ಬಿಟ್ಟುಕೊಡ್ರಿ, ಮುರಿದ ಬೆಂಚು ಇಡಾಕ ಜಾಗ ಇಲ್ಲ" ಎಂದರು. ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಕಟ್ಟಿಕೊಂಡ ಮೂಲೆ ಅದು.

ರಜೆಯಲ್ಲಿ ಲ್ಯಾಬಿಗೆ ಬೀಗ. ಬ್ಯಾಕ್ಟೀರಿಯಾಗಳಿಗೆ ಉಣಿಸುವವರು ಯಾರು? ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಪಾರ್ವತಿನಗರದ ಮನೆಗೆ ತಂದೆ. ಸಿರುಗುಪ್ಪದ ಅಕ್ಕಿ ತೊಳೆದ ನೀರನ್ನು ದಿನಾ ಕುಡಿಸಿದೆ. "ನನಗ ಜ್ವರ ಬಂದಾಗ ಒಂದು ಲೋಟ ಗಂಜಿ ಕಾಸಿ ಕೊಡಲಿಲ್ಲ" ಎಂದು ಹೆಂಡತಿ ಸರೋಜಾ ಗೊಣಗಿದಳು.

ಆಯುಧ ಪೂಜೆಗೆ ಕುರುಗೋಡಿನಿಂದ ಅತ್ತೆ ಬಂದರು. ಆ ದಿನ ಮನೆಯ ಯಾವ ಯಂತ್ರವೂ ಸ್ನಾನ ತಪ್ಪಿಸಿಕೊಳ್ಳುವಂತಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು, ಎಲ್ಲಕ್ಕೂ ವಿಭೂತಿ, ಕುಂಕುಮ. ನಾನು ಚೆಂಡುಹೂವು ತರಲು ಹೋಗಿ ಬರುವಷ್ಟರಲ್ಲಿ ನನ್ನ ಡಬ್ಬಿ ಫಳಫಳ ಹೊಳೆಯುತ್ತಾ, ವಿಭೂತಿ ಧರಿಸಿ, ತಲೆಯ ಮೇಲೆ ನಿಂಬೆಹಣ್ಣು ಹೊತ್ತು ದೇವರ ಮುಂದೆ ಕೂತಿತ್ತು. ಒಳಗೆ ಏನೂ ಇಲ್ಲ! "ಅತ್ತೀ, ಇದರಾಗಿನ ಕೆಸರು?" ಎಂದೆ. "ಅಯ್ಯ, ಎಂಥ ನಾತ ಅಳಿಯಂದ್ರ ಅದು! ಇದೂ ಕರೆಂಟಿನ ಮಿಷನ್ನು ಅಂದ್ಲು ಸರೋಜಿ. ಮಿಷನ್ನ ಹಂಗ ಗಲೀಜು ಇಟ್ಟು ಪೂಜಿ ಮಾಡಾಕ ಬರ್ತೈತೇನು? ಸೋಪಿನ ಪುಡಿ ಹಾಕಿ ತಿಕ್ಕೀನಿ, ನೋಡ್ರಿ, ಹೊಸಾದು ತಂದಂಗ ಐತಿ" ಎಂದರು. ಗಲೀಜೇ ಅದರ ಪ್ರಾಣ ಎಂದು ಹಬ್ಬದ ದಿನ ಹಿರಿಯರಿಗೆ ಹೇಗೆ ಹೇಳುವುದು? ತೆಪ್ಪಗೆ ಮಂಗಳಾರತಿ ತೆಗೆದುಕೊಂಡೆ.

ಮರುದಿನ ಊರೆಲ್ಲ ಬನ್ನಿ ಹಂಚುತ್ತಿದ್ದರೆ ನಾನು ಬೀದಿಯ ಚರಂಡಿಯಲ್ಲಿ ಕೈಯಾಡಿಸುತ್ತಿದ್ದೆ. ಪಕ್ಕದ ಮನೆಯವರು ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಎಲೆ ಚಾಚಿದವರು, ನನ್ನ ಕೈ ನೋಡಿ ಅದನ್ನು ಕಾಂಪೌಂಡಿನ ಮೇಲಿಟ್ಟು ಹೋದರು. ಡಬ್ಬಿಗೆ ಹೊಸ ಕೆಸರು, ಹೊಸ ಕರಿಬಟ್ಟೆ ಹಾಕಿದೆ. ದೀಪ ಉರಿಯಲಿಲ್ಲ. ಹೊಸ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾಗಳ ಸಂಸಾರ ನೆಲೆಗೊಳ್ಳಲು ವಾರಗಳೇ ಬೇಕು. ಹಳೆಯ ಬಟ್ಟೆ ಕೆಸರಿನೊಡನೆ ಹೋಯಿತೆಂದು ತಿಳಿದು ನಾನು ಕೇಳಲೂ ಇಲ್ಲ. ಕಣ್ಣು ಮುಚ್ಚಿದರೆ ಮುರಿದ ಬೆಂಚುಗಳು ನನ್ನ ಮೂಲೆಗೆ ದಬದಬ ಬೀಳುತ್ತಿದ್ದವು.

ರಜೆಯ ಕೊನೆಯ ದಿನ ಮೈಗೆ ಸೋಪು ಹಚ್ಚಿಕೊಂಡು ಅದೇ ಚಿಂತೆಯಲ್ಲಿ ಬಚ್ಚಲಲ್ಲಿ ಕೂತಿದ್ದೆ. ನೀರು ಹೋಗುವ ತೂತಿನಲ್ಲಿ ಕರ್ರಗೆ ಏನೋ ಕಂಡಿತು. ನನ್ನ ಹಳೆಯ ಕರಿಬಟ್ಟೆ! "ಅತ್ತೀ!" ಎಂದು ಕಿರುಚಿದೆ. "ಆ ಮಸಿ ಅರಿವೀನಾ? ಎಷ್ಟು ತಿಕ್ಕಿದ್ರೂ ಜಿಡ್ಡು ಹೋಗಲಿಲ್ಲ, ಸುಡ್ಲಿ! ಜಿರಳಿ ಬರ್ತಾವಂತ ತೂತಿಗೆ ತುರುಕೀನಿ" ಎಂದು ಹೊರಗಿನಿಂದ ಉತ್ತರ ಬಂತು. ಆ ಜಿಡ್ಡೇ ನನ್ನ ಬ್ಯಾಕ್ಟೀರಿಯಾಗಳ ಸಂಸಾರ. ಲೋಳೆಗಟ್ಟಿದ ಆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡೆ. ಆ ಸಂತೋಷದಲ್ಲಿ ಸೋಪೂ ಕಣ್ಣಿಗೆ ಹೋಯಿತು.

ಅದನ್ನು ಡಬ್ಬಿಯ ಕೆಸರಿನಲ್ಲಿ ಹುಗಿದು ಮರುದಿನ ಲ್ಯಾಬಿಗೆ ಒಯ್ದೆ. ಕಾಲೇಜಿನವರೆಲ್ಲ ಸೇರಿದರು. ತಂತಿ ಕೂಡಿಸಿದೆ. ಏನೂ ಕಾಣಲಿಲ್ಲ. ಪ್ರಿನ್ಸಿಪಾಲರು ಕಣ್ಣಲ್ಲೇ ಮೂಲೆಯ ಅಳತೆ ತೆಗೆದುಕೊಂಡರು. ಯಾರೋ ಪುಣ್ಯಾತ್ಮರು ಟ್ಯೂಬ್‌ಲೈಟು ಆರಿಸಿದಾಗ ನನ್ನ ಸಾಸಿವೆ ಕಾಳು ಮಿನುಗುತ್ತಿತ್ತು. "ಹಾಸ್ಟೆಲಿಗೆ ಕೂಡಿಸೇಬಿಡೋಣು! ಏನು ಉಣಿಸಿದ್ರಿ?" ಎಂದು ಪ್ರಿನ್ಸಿಪಾಲರು ಕೇಳಿದರು. "ವಿಶೇಷ ಪೋಷಕ ದ್ರಾವಣ, ಸರ್" ಎಂದೆ. ನಮ್ಮ ಮನೆಮಂದಿ ಮೈ ತೊಳೆದ ನೀರು ಎನ್ನಲು ಬಾಯಿ ಬರಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದರೆ ಅತ್ತೆ, "ಮತ್ತ? ಮಾಡಿದ ಪೂಜಿ ಸುಮ್ಮನ ಹೋಗತೈತೇನು?" ಎಂದರು. ಒಳಗೆ ಹೋಗುತ್ತಾ, "ಆ ತೂತಿಗೆ ಈಗ ನಿಮ್ಮ ಹಳೇ ಬನೀನು ತುರುಕೀನಿ. ಅದರದೂ ಎಷ್ಟು ತಿಕ್ಕಿದ್ರೂ ಜಿಡ್ಡು ಹೋಗಲಿಲ್ಲ" ಎಂದರು. ಅಂದಿನಿಂದ ಸ್ನಾನಕ್ಕೆ ಕೂತಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತದೆ. ಒಂದು ತಂತಿ ಕಟ್ಟಿ ನೋಡುವ ಧೈರ್ಯ ಮಾತ್ರ ನನಗಿಲ್ಲ. ದೀಪ ಉರಿದುಬಿಟ್ಟರೆ?