ಹನಗೋಡಿನ ಅಜ್ಜಿಯ ಆಮೆಗೆ ಚಳಿಗಾಲದ ನಿದ್ದೆ

ಹುಣಸೂರು ಸೀಮೆಯಲ್ಲಿ ದನದ ಡಾಕ್ಟರಾಗಿ ಇಷ್ಟು ವರ್ಷ ಓಡಾಡಿದ ಮೇಲೂ, ನನಗೆ ಗೊತ್ತಿಲ್ಲದ ಪ್ರಾಣಿಯೇ ಹುಡುಕಿಕೊಂಡು ಬರುತ್ತದೆ. ಹೋದ ಮಾಗಿಯಲ್ಲಿ ಬಂದದ್ದು ಆಮೆ. ಅದಕ್ಕೆ ನಾನು ಇವತ್ತಿಗೂ ಋಣಿ.

೧. ಊಟ ಬಿಟ್ಟವನು

ಹನಗೋಡಿನ ಅಜ್ಜಿಯೊಬ್ಬರು ಬಟ್ಟೆ ಮುಚ್ಚಿದ ಬುಟ್ಟಿಯನ್ನು ಎದೆಗವಚಿಕೊಂಡು ಬಂದರು. "ಡಾಕ್ಟ್ರಮ್ಮ, ಎಂಟು ದಿನದಿಂದ ಊಟ ಬುಟ್ಟವ್ನೆ. ಕಣ್ಣೂ ಬುಡ್ತಿಲ್ಲ."

ನಾಯಿಮರಿ ಇರಬೇಕೆಂದು ಬಟ್ಟೆ ಸರಿಸಿದರೆ, ಅಂಗೈಯಗಲದ ಆಮೆ! ಮೊಮ್ಮಗಳು ಮೈಸೂರಿನಿಂದ ತಂದು ಸಾಕಲು ಕೊಟ್ಟಿದ್ದಂತೆ.

"ಚಳಿಗಾಲದಲ್ಲಿ ಆಮೆ ಮಣ್ಣೊಳಗೆ ಮಲಗ್ಬೇಕು ಅಂತ ಮೊಬೈಲಲ್ಲಿ ನೋಡ್ಬುಟ್ಟು, ನಮ್ಮೆಜಮಾನ್ರು ಹಿತ್ಲಲ್ಲಿ ಗುಂಡಿ ತೋಡ್ತಾವ್ರೆ. ಊಳ್ಬುಡದಾ?" ಅಜ್ಜಿಯ ಕಣ್ಣಲ್ಲಿ ನೀರು.

"ನನಗೆ ಗೊತ್ತಿಲ್ಲ ಅಜ್ಜಿ, ಕೇಳಿ ಹೇಳ್ತೀನಿ" ಎಂದು, ಇಂಥ ಪ್ರಾಣಿಗಳನ್ನೇ ನೋಡುವ ಗೆಳತಿಗೆ ಫೋನ್ ಮಾಡಿದೆ.

"ಹೂಳಬೇಡಿ ಮಾರಾಯ್ತಿ! ಆ ಥರ ತಿಂಗಳುಗಟ್ಟಲೆ ಮಲಗೋದು ಹಿಮ ಬೀಳೋ ಕಡೆ. ನಿಮ್ಮೂರ ಚಳಿಗೆ ಅದು ಬರೀ ಮಂಕಾಗುತ್ತೆ. ಬೆಚ್ಚಗಿನ ನೀರು, ಬಿಸಿಲು, ಮೇಲೊಂದು ಬಲ್ಬು ಕೊಡಿ" ಎಂದಳು.

ಅಜ್ಜಿ ನನ್ನ ಫೋನಿನಿಂದಲೇ ಮನೆಗೆ ಕೂಗಿದರು: "ಗುಂಡಿ ನಿಲ್ಸಿ! ಜೀವ ಅದೆ!"

ಆ ಕಡೆಯಿಂದ ಯಜಮಾನರು: "ಆಗ್ಲೇ ನಿಲ್ಸಿದ್ದೀನಿ ಕಣಮ್ಮಿ. ನೀನು ಆಸ್ಪತ್ರೆಗೆ ಓದೆ, ನಾನು ಗುಂಡಿ ತೋಡ್ತಾ ಇವ್ನಿ ಅಂತ ಕೇಳಿ, ನಿನ್ ತಮ್ಮ ಹಾರ ತಕ್ಕಂಡು ಬಂದು ಅಳ್ತಾ ಕುಂತವ್ನೆ!"

೨. ತರಕಾರಿ ಟ್ರೇ

ಸುದ್ದಿ ಹಬ್ಬಿ ನಾನು 'ಆಮೆ ಡಾಕ್ಟ್ರಮ್ಮ' ಆದೆ. ಪಿರಿಯಾಪಟ್ಟಣದಿಂದ ಮೇಷ್ಟ್ರೊಬ್ಬರ ಫೋನು.

"ಮೇಡಂ, ಫಾರಿನ್ನಲ್ಲಿ ಆಮೆನ ಫ್ರಿಜ್ಜಲ್ಲೇ ಮಲಗಿಸ್ತಾರಂತೆ. ಓದ್ಕೊಂಡು, ಬೆಳಿಗ್ಗೆ ನಮ್ಮದನ್ನೂ ತರಕಾರಿ ಟ್ರೇಲಿ ಇಟ್ಟೆ."

"ಮೊದಲು ಆಚೆ ತೆಗೀರಿ ಸಾರ್!"

"ತೆಗೆದಾಯ್ತು ಮೇಡಂ. ನಮ್ಮ ಮನೆಯವರು ಬದನೆಕಾಯಿ ಅಂತ ಕೈ ಹಾಕಿಬಿಟ್ರು. ಆಮೆ ಈಗ ಒಳಗೆ ಬೆಚ್ಚಗಿದೆ. ಜಗಲಿ ಮೇಲೆ ಚಳೀಲಿ ಕೂತಿರೋನು ನಾನು!"

೩. ಕಾವಿಗೆ ಕೂತ ಕೋಳಿ

ಹದಿನೈದು ದಿನ ಅಜ್ಜಿಯ ಸುದ್ದಿಯಿಲ್ಲ. ಆಮೆ ಹೋಯಿತೇನೋ ಎಂದು ನನಗೆ ಒಳಗೊಳಗೇ ಸಂಕಟ. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಚೀಲದ ತುಂಬ ಅವರೆಕಾಯಿ ಹೊತ್ತು ಬಂದರು.

"ಉಳ್ಕತು ಕಣವ್ವ! ಗೊತ್ತಿಲ್ಲ ಅಂತ ಬಾಯ್ಬುಟ್ಟು ಯೋಳಿ, ಕೇಳಿ ತಿಳ್ಕಂಡ್ರಲ್ಲ, ಅದಕ್ಕೇ ಉಳ್ಕತು" ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡರು. ಗೊತ್ತಿಲ್ಲ ಎಂದ ಡಾಕ್ಟರನ್ನು ನಂಬಿದ ಅವರಿಗೇ ನಾನು ಕೈ ಮುಗಿದೆ.

ಯಜಮಾನರು ವಿವರಿಸಿದರು. ಬಲ್ಬಿದ್ದದ್ದು ಕೋಳಿ ಮೂಲೆಯಲ್ಲಿ. ಆಮೆಯನ್ನೂ ಅಲ್ಲೇ ಬಿಟ್ಟಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದು ನೋಡಿದರೆ ಆಮೆಯೇ ಇಲ್ಲ. ಕಾವಿಗೆ ಕೂತ ಕೋಳಿ ಅದನ್ನು ಮೊಟ್ಟೆಯೆಂದು ರೆಕ್ಕೆಯಡಿಗೆ ಎಳೆದುಕೊಂಡಿತ್ತು!

"ಸಂಜೆಗೆ ಬೆಚ್ಚಗಾಗಿ ತಲೆ ಆಚೆ ಹಾಕ್ತು ನೋಡಿ, ಮರಿ ಆಯ್ತು ಅಂತ ಕೋಳಿ ಕೇರಿಗೆಲ್ಲ ಕೇಳಂಗೆ ಕೂಗ್ತು."

"ಈಗ ಆಮೆ ತಿಂತಿದೆಯಾ?"

"ಟಬ್ಬಿಗೆ ಬುಟ್ರೆ ಈಜ್ಕಂಡು ಚೆನ್ನಾಗಿ ತಿಂತದೆ. ಆದ್ರೆ ಡಾಕ್ಟ್ರಮ್ಮ," ಅಜ್ಜಿ ದನಿ ತಗ್ಗಿಸಿದರು, "ಮಗ ನೀರಿಗೆ ಬಿದ್ದೋದ ಅಂತ ಟಬ್ಬಿನ ಸುತ್ತ ಬಡ್ಕತಾ, ಈಗ ಕೋಳಿ ಊಟ ಬುಟ್ಟದೆ. ಅದಕ್ಕೇನಾರ ಔಸ್ದಿ ಕೊಡಿ!"