ಹೋಲಿಕೆ ಶಾಲೆಯ ಅಶಿಸ್ತು

ಮಕ್ಕಳ ಕಲಿಕೆ ಹೆಚ್ಚುತ್ತದೆಂಬ ಪುರಾವೆಯಿಲ್ಲದೆ ಯಾವ ಕಾರ್ಯಕ್ರಮವನ್ನೂ ಶಾಲೆಗಳಿಗಾಗಿ ಕೊಳ್ಳತಕ್ಕದ್ದಲ್ಲ ಎಂಬುದು ಜಿಲ್ಲಾ ಶಿಕ್ಷಣ ಕಚೇರಿಯ ನಿಯಮ. ಈ ನಿಯಮದ ಮೇಲೆ ಎಲ್ಲರಿಗೂ ಅಪಾರ ಗೌರವ. ಆದ್ದರಿಂದಲೇ, ಓದು ಕಲಿಸುತ್ತವೆಂಬ, ಮಾತಾಡುವ ಅಕ್ಷರಪೆಟ್ಟಿಗೆಗಳನ್ನು ಕೊಂಡಾದ ಮೇಲೆ, ಪುರಾವೆಯನ್ನು ಆದಷ್ಟು ಬೇಗ ಒದಗಿಸುವಂತೆ ನಿರ್ದೇಶಕರು ಪುರಾವೆ ಅಧಿಕಾರಿಗೆ ಅಪ್ಪಣೆ ಮಾಡಿದರು.

ಅಧಿಕಾರಿ ಕಟ್ಟುನಿಟ್ಟಿನ ಮನುಷ್ಯ. ಎಂಥ ಸೆಖೆಯಲ್ಲೂ ಅಂಗಿಯ ಕೊರಳಗುಂಡಿ ಬಿಚ್ಚಿದವನಲ್ಲ. ಪದ್ಧತಿಯಂತೆ ಒಂದು ಶಾಲೆಗೆ ಪೆಟ್ಟಿಗೆ ಕೊಟ್ಟ, ಇನ್ನೊಂದಕ್ಕೆ ಕೊಡಲಿಲ್ಲ. ಈ ಎರಡನೆಯದು ಹೋಲಿಕೆ ಶಾಲೆ. ಇದ್ದ ಹಾಗೇ ಇರುವುದು ಅದರ ಕರ್ತವ್ಯ.

ಪರೀಕ್ಷೆ ನಡೆಯಿತು. ಪೆಟ್ಟಿಗೆ ಶಾಲೆಯ ಮಕ್ಕಳು ಪೆಟ್ಟಿಗೆಯದೇ ದನಿಯಲ್ಲಿ "ಹೇಳಿ ಮಕ್ಕಳೇ" ಎನ್ನಲು ಚೆನ್ನಾಗಿ ಕಲಿತಿದ್ದರು. ಹೋಲಿಕೆ ಶಾಲೆಯ ಮಕ್ಕಳು ಪ್ರಶ್ನೆಪತ್ರಿಕೆಯನ್ನು ಸರಾಗವಾಗಿ ಓದಿ, ಅದರಲ್ಲಿದ್ದ ಅಚ್ಚಿನ ತಪ್ಪನ್ನೂ ತೋರಿಸಿದರು.

ವಿಚಾರಿಸಿದಾಗ ಕಾರಣ ತಿಳಿಯಿತು. ಅಲ್ಲಿನ ಟೀಚರು ದಿನಾ ಕಥೆ ಓದಿ ಹೇಳುತ್ತಾಳೆ. ಕಥೆ ಬಿಗಿಯಾಗುವ ಕಡೆ ನಿಲ್ಲಿಸಿ ಪುಸ್ತಕವನ್ನು ಮಕ್ಕಳ ಕೈಗೇ ಕೊಟ್ಟುಬಿಡುತ್ತಾಳೆ. ಮುಂದೇನಾಯಿತೆಂದು ತಿಳಿಯಬೇಕಾದರೆ ಅವರೇ ಓದಿಕೊಳ್ಳಬೇಕು. ಅಧಿಕಾರಿಗೆ ಇನ್ನಷ್ಟು ಮುಜುಗರವೆಂದರೆ, ಆ ಟೀಚರು ಅವನ ಹೆಂಡತಿಯ ತಂಗಿ.

"ಸರ್, ಹಾಗಾದ್ರೆ ಕಥೆ ಓದೋದಕ್ಕೇ ಪುರಾವೆ ಸಿಕ್ಕಿದ ಹಾಗಾಯ್ತಲ್ಲ?" ಎಂದ ಅಧಿಕಾರಿ, ಸಭೆಯಲ್ಲಿ.

"ಇರಬಹುದು ಕಣ್ರೀ. ಆದ್ರೆ ಅದನ್ನ ನಾವು ಕೊಂಡಿಲ್ವಲ್ಲ!" ಎಂದರು ನಿರ್ದೇಶಕರು.

ಕೂಡಲೇ ಸುತ್ತೋಲೆ ಸಿದ್ಧವಾಯಿತು: 'ಹೋಲಿಕೆ ಶಾಲೆಯಲ್ಲಿ ಪೂರ್ವಾನುಮತಿಯಿಲ್ಲದೆ ಕಲಿಕೆ ಹೆಚ್ಚಿಸತಕ್ಕದ್ದಲ್ಲ. ಈಗಾಗಲೇ ಕಲಿತವರು ಮರುಪರೀಕ್ಷೆಯವರೆಗೆ ಅದನ್ನು ಹೊರಗೆ ತೋರಿಸಿಕೊಳ್ಳಬಾರದು.' ಅಧಿಕಾರಿ ಅದನ್ನು ಓದಿ, ಒಕ್ಕಣೆಯಲ್ಲಿ ಕುಂದು ಕಾಣದೆ, ಸಹಿ ಹಾಕಿದ.

ಎಲ್ಲರೂ ಸಹಕರಿಸಿದರು. ಮುಖ್ಯೋಪಾಧ್ಯಾಯರು ಪುಸ್ತಕದ ಬೀರುವಿಗೆ ಬೀಗ ಜಡಿದರು. "ನಮ್ಮ ಹುಡುಗ ಹಾಲಿನ ಪ್ಯಾಕೆಟ್ ಓದೋಕೆ ಹೋದ್ರೂ ಕಸಿದುಕೊಳ್ತೀವಿ ಸಾರ್" ಎಂದು ಒಬ್ಬ ತಂದೆ ಭರವಸೆ ಕೊಟ್ಟ. ಉಳಿದವಳು ನಾದಿನಿಯೊಬ್ಬಳೇ. ಅಧಿಕಾರಿ ಖುದ್ದಾಗಿ ಅವಳ ತರಗತಿಗೆ ಹೋದ.

"ಬನ್ನಿ ಭಾವ. ಅಕ್ಕ ಚೆನ್ನಾಗಿದ್ದಾಳಾ?"

"ಮನೆ ಮಾತು ಮನೇಲಿ. ಮರುಪರೀಕ್ಷೆ ಮುಗಿಯೋವರೆಗೆ ಕಥೆ ನಿಲ್ಲಿಸಬೇಕು ಕಣಮ್ಮ."

"ಹೇಗೆ ನಿಲ್ಲಿಸಲಿ? ಹುಡುಗಿ ಈಗ ತಾನೇ ಬಾವಿಗೆ ಇಳಿದಿದ್ದಾಳೆ."

"ಯಾವ ಹುಡುಗಿ?" ಅಧಿಕಾರಿ ಗಾಬರಿಯಿಂದ ಬೆಂಚುಗಳ ಕಡೆ ನೋಡಿದ.

"ಕಥೇಲಿ, ಭಾವ."

"ಸದ್ಯ! ಹಾಗಾದ್ರೆ ಅಲ್ಲೇ ಇರಲಿ."

"ಹಗ್ಗ ಕಿತ್ತುಹೋಗಿದೆ ಸಾರ್!" ಎಂದಿತು ಹಿಂದಿನ ಬೆಂಚು.

ಅಧಿಕಾರಿ ದನಿ ತಗ್ಗಿಸಿದ. "ಹಟ ಮಾಡಬೇಡ. ನಿನ್ನನ್ನ ಪೆಟ್ಟಿಗೆ ಶಾಲೆಗೆ ವರ್ಗ ಮಾಡ್ತಾರೆ. ಅಲ್ಲಿ ಬೆಳಿಗ್ಗೆ ಸ್ವಿಚ್ ಹಾಕೋದು, ಸಂಜೆ ಆರಿಸೋದು. ಅಷ್ಟೇ ಕೆಲಸ."

"ಮಾಡಲಿ ಬಿಡಿ. ಇವತ್ತಂತೂ ಇಲ್ಲೇ ಇದೀನಲ್ಲ."

ಅವಳು ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು, ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಹಲಗೆಯ ಮೇಲೆ ಬರೆಯತೊಡಗಿದಳು: ಬಾವಿಯ ಗೋಡೆಯಲ್ಲಿ ಒಂದು ಬಾಗಿಲಿತ್ತು.